ಊಂಗುಟ್ಟುವವಳು

ನೀರಿನ ಮೇಲೊಂದು ಹಸಿರು ಗೆರೆ ತೇಲಿ ಬಂತು, ಹತ್ತಿರವಾಗಿ ತೆಂಗಿನ ಸಾಲಾಯಿತು, ದ್ವೀಪವಾಯಿತು, ಮತ್ತೆ ಗೆರೆಯಾಗಿ ಹಿಂದೆ ಉಳಿಯಿತು — ಇದು ಎಷ್ಟನೆಯದು, ಮೂರೋ ನಾಲ್ಕೋ, ಜನರ ಸುಳಿವಿಲ್ಲ, ಬಟ್ಟೆ ಒಣಹಾಕಿದ ಹಗ್ಗ ಸಹ ಕಾಣಲಿಲ್ಲ, ಅಲ್ಲಿ ಒಬ್ಬಳೇ ಕೂತು ಡೈರಿ ಬರೆಯಬಹುದಿತ್ತು ಅಂದುಕೊಂಡಳು ಸ್ನೇಹಲತಾ, ಡೈರಿ ಹರದನಹಳ್ಳಿಯಲ್ಲಿದೆ, ರಾಗಿ ಡ್ರಮ್ಮಿನ ಹಿಂದೆ, ಅದರೊಳಗೆ ಹಾಸನದ ಬಿ.ಎಡ್. ಸೀಟಿನ ಪತ್ರ, ಸೋಮವಾರದೊಳಗೆ ಸೇರಬೇಕು — ಕಿತ್ತಳೆ ಲೈಫ್ ಜಾಕೆಟ್ಟಿನ ಕರಿ ಕ್ಲಿಪ್ಪು ಉಸಿರೆಳೆದಾಗಲೆಲ್ಲ ಎದೆಗೊತ್ತುತ್ತದೆ, ಕೊಚ್ಚಿಯ ದಡದಲ್ಲಿ ಅದನ್ನು ಟಕ್ ಅಂತ ಹಾಕಿದ್ದು ಹುಡುಗನ ತಾಯಿ ಆಶಾರಾಣಿ, ಬಿಗಿಯಾಗಿರ್ಲಿ ಕಣವ್ವ, ನಮ್ಮನೆಗೆ ಬರೋಳು ನೀರುಪಾಲಾದ್ರೆ ಯಂಗೆ. ದೋಣಿಯವನು ಎರಡು ಬೆರಳಲ್ಲಿ ತೋರಿಸಿಕೊಟ್ಟಿದ್ದ, ಎರಡೂ ಕಡೆ ಒಟ್ಟಿಗೆ ಅದುಮಿದರೇ ಬಿಡುವುದು. ಇಡೀ ದಿನಕ್ಕೆ ಬಾಡಿಗೆಗೆ ಹಿಡಿದ ಯಾಟ್, ಸೋದರಮಾವ ಮಂಜುನಾಥನ ಬಾಯಲ್ಲಿ ಹಡಗು, ಉಡ್ಗ ಉಡ್ಗಿ ಮಾತಾಡ್ಕಳ್ಳಿ, ಇಲ್ಲಿಂದ ಎದ್ದು ಎಲ್ಗೋದಾರು ಅಂತ ಬೆಳಗ್ಗೆಯಿಂದ ಅವನದು ಒಂದೇ ಜೋಕು.

ಹುಡುಗ ಹರ್ಷವರ್ಧನ್ ಮಾತಾಡುತ್ತಲೇ ಇದ್ದ, ಚನ್ನರಾಯಪಟ್ಟಣದ ಟ್ರ್ಯಾಕ್ಟರ್ ಶೋರೂಮು, ಹೊಸ ಮನೆಯ ಮಾಡ್ಯುಲರ್ ಕಿಚನ್ನು, ಇಂಜಿನ್ ಸದ್ದಿನಲ್ಲಿ ಅರ್ಧ ಮಾತು ಗಾಳಿಪಾಲು, ಅವಳು ಊಂ ಅನ್ನುತ್ತಿದ್ದಳು, ಊಂ, ಊಂ, ಅದು ಚಿಕ್ಕಲಕ್ಷ್ಮಮ್ಮಜ್ಜಿ ಕಲಿಸಿದ್ದು, ಊಂಗುಟ್ಟು ಕಣೇ ಮುಂಡೇದೇ, ಇಲ್ದಿದ್ರೆ ಕತೆ ನಿಲ್ಲಿಸ್ಬುಡ್ತೀನಿ, ಏಳು ಸಮುದ್ರದಾಚೆಯ ದ್ವೀಪದಲ್ಲಿ ರಾಜನ ಮಗಳು, ಊಂ, ಸುತ್ತ ನೀರು, ಊಂ, ಒಂದಿನ — ಅಷ್ಟರಲ್ಲಿ ಇವಳಿಗೆ ನಿದ್ದೆ, ಊಂ ನಿಂತಿತು, ಕತೆಯೂ ನಿಂತಿತು, ರಾಜನ ಮಗಳು ಹೇಗೆ ಪಾರಾದಳೋ ಇವತ್ತಿಗೂ ಗೊತ್ತಿಲ್ಲ. ಊಂ ಅಂದರೆ ಒಪ್ಪಿದೆ ಅಂತಲ್ಲ, ಎಚ್ಚರವಾಗಿದ್ದೀನಿ ಅಂತ, ಇದನ್ನು ಇವರಿಗೆ ಯಾರು ಹೇಳೋದು — ಬಿ.ಎಡ್. ಎಲ್ಲ ಯಾಕೆ, ಶ್ರಾವಣದಲ್ಲೇ ಮದ್ವೆ ಮುಗಿಸ್ಬುಡನ ಅಂತವ್ರೆ ಅಮ್ಮ, ಓಕೆ ತಾನೆ, ಅಂದಿದ್ದನಂತೆ ಅವನು, ಆಗ ಅವಳ ಕಣ್ಣು ಇನ್ನೊಂದು ಹಸಿರು ಗೆರೆಯ ಮೇಲಿತ್ತು, ಬಾಯಿ ತಾನೇ ಊಂ ಅಂದುಬಿಟ್ಟಿತ್ತು. ಅಮ್ಮಾ, ಊಂ ಅಂದ್ಲು! ಆಶಾರಾಣಿ ಅತ್ತ ತಿರುಗಿದಳು, ಮಂಜಣ್ಣಾ, ಕೇಳುದ್ರಾ, ಉಡ್ಗಿ ಬಿ.ಎಡ್.ನೂ ಬ್ಯಾಡ ಅಂದ್ಲಂತೆ! ಹಾಸನದಿಂದ ತಂದ ಮೈಸೂರುಪಾಕಿನ ಡಬ್ಬಿ ಬಿಚ್ಚಿಕೊಂಡಿತು, ಮಾವ ಆಗಲೇ ಫೋನಿನಲ್ಲಿ ಇವಳಮ್ಮನಿಗೆ, ಅಕ್ಕಾ, ಒಪ್ಕಂಡ್ಲು ಕಣಕ್ಕಾ.

ಬಾಯಿಗಿಟ್ಟ ತುಂಡು ಕರಗುತ್ತಿಲ್ಲ, ಇನ್ನೊಂದು ಕೈಯಲ್ಲಿದೆ, ಇನ್ನು ಊಂ ಅನ್ನಬಾರದು, ಅಷ್ಟೇ, ಊಂ ನಿಂತರೆ ಕತೆ ನಿಲ್ಲುತ್ತದೆ, ಅಜ್ಜಿ ಹಾಗೇ ಅಲ್ಲವಾ ಹೇಳಿದ್ದು — ಏನವ್ವ, ಬರೋ ಗುರುವಾರ ವೀಳ್ಯ ಇಟ್ಕಳನ್ವಾ, ಆಶಾರಾಣಿ ಕೇಳಿದಳು, ಸ್ನೇಹಲತಾ ತುಟಿ ಕಚ್ಚಿದಳು, ಒಂದು ಉಸಿರು, ಎರಡು ಉಸಿರು, ಇಂಜಿನ್ನೂ ನಿಂತ ಹಾಗಾಯಿತು, ಎಲ್ಲರೂ ಅವಳನ್ನೇ ನೋಡಿದರು, ಈಗ ನಿಲ್ಲುತ್ತದೆ, ಈಗ — ಅಯ್ಯೋ ನೋಡಿ ಮಂಜಣ್ಣಾ, ನಾಚ್ಕಬುಟ್ಲು! ಮಾವ ತೊಡೆ ತಟ್ಟಿ ನಕ್ಕ, ದೋಣಿಯವನೂ ಭಾಷೆ ತಿಳಿಯದೆ ನಕ್ಕ, ಊಂ ಅಂದರೂ ಅದೇ, ಅನ್ನದಿದ್ದರೂ ಅದೇ, ಹಸಿರು ಗೆರೆ ಬಂತು, ಹೋಯಿತು, ಇಲ್ಲ ಅನ್ನಬೇಕು, ಇಲ್ಲ, ಎರಡೇ ಅಕ್ಷರ, ಅದಕ್ಕೆ ಉಸಿರು ಬೇಕು, ಜಾಕೆಟ್ಟು ಬಿಚ್ಚಬೇಕು ಮೊದಲು, ಕರಿ ಕ್ಲಿಪ್ಪು, ಎರಡೂ ಕಡೆ ಒಟ್ಟಿಗೆ, ಅದುಮಿದಳು, ಬೆರಳ ತುಂಬ ಮೈಸೂರುಪಾಕಿನ ತುಪ್ಪ, ಜಾರಿತು, ಸೆರಗಿಗೆ ಒರೆಸಿಕೊಂಡು ಮತ್ತೆ ಅದುಮಿದಳು, ಜಾರಿತು, ಕರಿ ಕ್ಲಿಪ್ಪು, ತುಪ್ಪದ ಬೆರಳು, ಕರಿ ಕ್ಲಿಪ್ಪು —