ಮಣ್ಣಿನ ತಂತಿ

ಹೊಸ ಫ್ಯೂಜ್ ಹಾಕಿ ನಂದಾ ಮತ್ತೊಮ್ಮೆ ಗುಂಡಿ ತಿರುಗಿಸಿದಳು. ಹಳೆಯ ಫಿಯಾಟಿನ ಸ್ಟೀರಿಯೊದಲ್ಲಿ ಹಸಿರು ದೀಪ ಮಿಣುಕಿ ಆರಿಹೋಯಿತು.

ಕಾರಿನಾಚೆ, ಬಾಡಿಗೆ ಮನೆಯ ಅಂಗಳದಲ್ಲಿ, ಅವಳ ಅಪ್ಪ ಲಕ್ಷ್ಮಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಮಡಗಾಂವಿನಲ್ಲಿ ಮೂವತ್ತು ವರ್ಷ ಕಂಡವರ ಕಾರುಗಳ ವೈರಿಂಗ್ ಸರಿಮಾಡಿದ ಮನುಷ್ಯ ತನ್ನ ಕಾರು ಕೆಟ್ಟದ್ದನ್ನು ಸುಮ್ಮನೆ ನೋಡುತ್ತ ಕುಳಿತಂತಿತ್ತು.

“ಮೂರೂವರಿ ಆತು,” ಕಾಕಾ ಅಪ್ಪಾಸಾಬ ಕಿಟಕಿಗೆ ಬಗ್ಗಿದ. “ಐದಕ್ಕ ಸುಡುಗಾಡ ಗೇಟ್ ಹಾಕ್ತಾರ. ಮೊಬೈಲದಾಗ ಯಾವದರ ಭಜನಿ ಹಚ್ಚು, ಎತ್ತೂಣು.”

“ಅದರಾಗ ಅವರ ದನಿ ಇರತೈತೇನು?” ಹೆಣದ ಪಕ್ಕದಿಂದ ಅವ್ವ ಸಾವಂತ್ರೆವ್ವ ಕೇಳಿದಳು. “ಊರಾಗ ಎಲ್ಲಾರನೂ ಪದಾ ಹಾಡಿಕೋತನ ಕಳಿಸೇವಿ. ಪದ ಇಲ್ಲದ ನಾ ಎತ್ತಗೊಡಂಗಿಲ್ಲ.”

ಊರಿನ ಭಜನಾ ಮೇಳ ಇಲ್ಲಿಗೆ ಎಲ್ಲಿಂದ ಬರಬೇಕು? ಇದ್ದದ್ದು ಒಂದೇ ಕ್ಯಾಸೆಟ್ಟು, ಗೋವಾಕ್ಕೆ ಬರುವ ಮುಂಚೆ ಲಕ್ಷ್ಮಪ್ಪ ಆ ಮೇಳದಲ್ಲಿ ಹಾಡಿದ್ದು. ಹಾಡಿದ್ದೇನು ಮಹಾ, ಹಿಮ್ಮೇಳದಲ್ಲಿ ಎಲ್ಲರಿಗಿಂತ ಅರ್ಧ ತಾಳ ತಡವಾಗಿ ಬರುತ್ತಿದ್ದ. ಆ ಕ್ಯಾಸೆಟ್ಟು ಕೆಟ್ಟ ಸ್ಟೀರಿಯೊದೊಳಗೇ ಸಿಕ್ಕಿಕೊಂಡಿತ್ತು. ಎಳೆದರೆ ರೀಲು ಹರಿಯುತ್ತದೆ.

ಅಪ್ಪನ ಕೈಕೆಳಗೆ ಎಂಟು ವರ್ಷ ಕಲಿತದ್ದು ಇವತ್ತೊಂದು ದಿನಕ್ಕೆ ಒದಗದಿದ್ದರೆ ಮತ್ತೆ ಯಾತಕ್ಕೆ ಎನ್ನಿಸಿ ನಂದಾಳಿಗೆ ಅಳು ಬಂತು.

*

ಈ ಫಿಯಾಟ್ ಕಲಂಗುಟಿನ ಹೋಟೆಲೊಂದರ ಹಿಂದೆ ತುಕ್ಕು ಹಿಡಿದು ಬಿದ್ದಿತ್ತು. ಲಕ್ಷ್ಮಪ್ಪ ಅದನ್ನು ತಂದು ಎರಡು ವರ್ಷ ಮೈ ತಿಕ್ಕಿ, ನೀಲಿ ಬಣ್ಣ ಬಳಿದ. ಆಮೇಲೆ ಯಾರ ಉಗುರು ತಾಗಿದರೂ ಅವನಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಸ್ಟೀರಿಯೊ ಕೂರಿಸಿದ ದಿನ ಅರ್ಥಿಂಗಿನ ಕಪ್ಪು ತಂತಿಯನ್ನು ಮಗಳ ಕೈಗಿತ್ತು ಹೇಳಿದ್ದ: “ಇದು ಮಣ್ಣಿನ ತಂತಿ. ಕರೆಂಟ್ ಬರೂ ಹಾದಿ ಎಲ್ಲಾರೂ ನೋಡ್ತಾರ, ಹೋಗೂ ಹಾದಿ ಯಾರೂ ನೋಡಂಗಿಲ್ಲ. ನೀ ಮೊದಲ ಮಣ್ಣ ನೋಡು.”

ಚಹಾ ತಂದ ಸಾವಂತ್ರೆವ್ವ ಮಾರು ದೂರ ನಿಂತಿದ್ದಳು.

“ಹನ್ನೆರಡು ವೋಲ್ಟಿಗೆ ಇರಿವಿನೂ ಸಾಯಂಗಿಲ್ಲ, ಬಾ,” ಎಂದು ಅವನು ನಕ್ಕ.

“ನಿಮ್ಮ ತಂತಿ ಸಹವಾಸ ನನಗ ಬ್ಯಾಡ್ರಿ.” ಕಪ್ಪನ್ನು ನೆಲದ ಮೇಲಿಟ್ಟು ಹೋಗಿಬಿಟ್ಟಳು. ಅವನ ಜೊತೆ ಬಾಳಿದಷ್ಟು ದಿನವೂ ಅವಳು ತಂತಿ ಮುಟ್ಟಲಿಲ್ಲ.

*

“ನಾಕೂ ಹತ್ತು,” ಅಪ್ಪಾಸಾಬನ ದನಿ ಏರಿತು. “ವೈನಿ, ಹಟ ಸಾಕು. ಮಣ್ಣಿಗೆ ಹೊತ್ತಾತು.”

ಮಣ್ಣಿಗೆ. ನಂದಾಳ ಕೈ ನಿಂತಿತು. ಮಧ್ಯಾಹ್ನದಿಂದ ಅವಳು ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ನೇರ ಬ್ಯಾಟರಿಯ ಮೈನಸ್ಸಿಗೆ ಕಚ್ಚಿಸಿ, ಇನ್ನೊಂದನ್ನು ಸ್ಟೀರಿಯೊದ ಕೆಂಪು ತಂತಿಗೆ ತಾಗಿಸಿ ನೋಡುತ್ತಿದ್ದಳು. ಪ್ರತಿಸಲವೂ ದೀಪ ಉರಿಯುತ್ತಿತ್ತು. ಈಗ ಬ್ಯಾಟರಿಯ ತುದಿಯನ್ನು ಕಿತ್ತು ಸ್ಟೀರಿಯೊದ ಮೈಗೇ ಕಚ್ಚಿಸಿದಳು. ದೀಪ ಉರಿಯಲಿಲ್ಲ. ಕರೆಂಟು ಬರುತ್ತಿತ್ತು, ಹೋಗುವ ಹಾದಿ ಕಡಿದಿತ್ತು.

ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿದಳು. ಕಪ್ಪು ತಂತಿಯ ಬೋಲ್ಟು ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು, ಮುಟ್ಟಿದರೆ ಮುರಿದು ಕೈಗೇ ಬಂತು. ಹೊಸದು ಕೂರಿಸಲು ಹೊತ್ತಿಲ್ಲ. ಅಪ್ಪನ ಕಡೆ ಒಮ್ಮೆ ನೋಡಿ, ಬಾಗಿಲ ಕಂಬದ ನೀಲಿ ಬಣ್ಣವನ್ನು ಸ್ಕ್ರೂಡ್ರೈವರಿನಿಂದ ಕರಕರ ಕೆರೆದಳು. ಬೆಳ್ಳಗೆ ತಗಡು ಕಂಡಿತು. ತಂತಿಯನ್ನು ಹೆಬ್ಬೆರಳಿನಿಂದ ಅಲ್ಲಿಗೆ ಒತ್ತಿದಳು.

ಮೊದಲು ತಾಳ, ಆಮೇಲೆ ಮೇಳ, ಅದರ ಹಿಂದೆ ಅರ್ಧ ತಾಳ ತಡವಾಗಿ ಲಕ್ಷ್ಮಪ್ಪ. ಅಂಗಳದಲ್ಲಿದ್ದವರು ಅಳುತ್ತಲೇ ನಕ್ಕುಬಿಟ್ಟರು.

“ಎತ್ರಿ,” ಎಂದಳು ಸಾವಂತ್ರೆವ್ವ.

ಪಂಕ್ಚರ್ ಅಂಗಡಿಯ ಚಮನಸಾಬ, ಲಕ್ಷ್ಮಪ್ಪನ ಗೆಳೆಯ, ಹೆಣದ ಹಿಂದೆ ಕಾರನ್ನು ನಡಿಗೆಯ ವೇಗದಲ್ಲಿ ಬಿಟ್ಟ. ಪಕ್ಕದ ಸೀಟಿನಲ್ಲಿ ನಂದಾ ತಂತಿ ಒತ್ತಿಹಿಡಿದಿದ್ದಳು. ರಸ್ತೆಯ ಗುಂಡಿಗಳಲ್ಲಿ ಅಪ್ಪನ ದನಿ ತುಂಡಾಗುವಾಗಲೆಲ್ಲ ಅವಳು ಹೆಬ್ಬೆರಳನ್ನು ಇನ್ನಷ್ಟು ಬಿಗಿಯಾಗಿ ಒತ್ತುತ್ತಿದ್ದಳು. ಗೇಟು ದಾಟಿದಾಗ ಐದಕ್ಕೆ ಹತ್ತು ನಿಮಿಷವಿತ್ತು. ಕಾರು ನಿಲ್ಲಿಸಿ ಚಮನಸಾಬ ಹೆಣ ಇಳಿಸಲು ಓಡಿದ.

“ಮಗಳು ಬರ್ಲಿ, ಮಣ್ಣ ಕೊಡ್ಲಿ,” ಯಾರೋ ಕರೆದರು.

ನಂದಾ ಅಲ್ಲಾಡಲಿಲ್ಲ. ಕ್ಯಾಸೆಟ್ಟಿನ ಕೊನೆಯ ಪದ ಮುಗಿದಿರಲಿಲ್ಲ. ತಂತಿ ಬಿಟ್ಟರೆ ಅಪ್ಪನ ದನಿ ಅರ್ಧಕ್ಕೆ ನಿಲ್ಲುತ್ತದೆ, ಬಿಡದಿದ್ದರೆ ಅಪ್ಪನಿಗೆ ಮಗಳ ಹಿಡಿಮಣ್ಣಿಲ್ಲ.

ಆಗಲೇ ಮಣ್ಣು ಕೊಟ್ಟಿದ್ದ ಸಾವಂತ್ರೆವ್ವ ಕಾರಿನ ಬಳಿ ಬಂದಳು. ಬಳೆ ಒಡೆದ ಮಣಿಕಟ್ಟಿನಲ್ಲಿ ಸಣ್ಣಗೆ ರಕ್ತ ಜಿನುಗಿತ್ತು.

“ಎಲ್ಲಿ ಹಿಡೀಬೇಕು?”

“ಯವ್ವಾ, ನೀ ಅಂಜತಿ.”

“ಎಲ್ಲಿ ಅಂತ ಕೇಳಿದೆ.”

ನಂದಾ ತೋರಿಸಿದಳು. ಅವ್ವನ ಹೆಬ್ಬೆರಳು ಅವಳ ಹೆಬ್ಬೆರಳ ಪಕ್ಕಕ್ಕೆ ಸರಿದು ತಂತಿಯ ಮೇಲೆ ಕೂತಿತು. ಪದ ಕಡಿಯಲಿಲ್ಲ.

ಮಣ್ಣು ಹಾಕಿ ನಂದಾ ತಿರುಗಿ ನೋಡಿದಳು. ನೀಲಿ ಕಾರಿನ ತೆರೆದ ಬಾಗಿಲಲ್ಲಿ ಅವ್ವ ಕಣ್ಣು ಬಿಗಿಯಾಗಿ ಮುಚ್ಚಿ, ಮುಖ ಆಚೆ ತಿರುಗಿಸಿ, ಬಳೆಯಿಲ್ಲದ ಕೈಯನ್ನು ಉದ್ದಕ್ಕೆ ಚಾಚಿ ತಂತಿ ಒತ್ತಿಹಿಡಿದು ನಿಂತಿದ್ದಳು.