ಅಪ್ಪನಿಗೆ ಕೇಳುವಷ್ಟು ಕೆಳಗೆ

ಬೀದಿಯ ಸದ್ದುಗಳನ್ನು ರೆಕಾರ್ಡ್ ಮಾಡಿಕೊಂಡು ಬಂದು, ಸಿಂಥಸೈಜರ್‌ನಲ್ಲಿ ಹುಟ್ಟಿಸಿದ ಸ್ವರಗಳ ಜೊತೆ ಹೆಣೆಯುವುದು ನನ್ನ ಕೆಲಸ. ಅದನ್ನು ಸಂಗೀತ ಎಂದು ಒಪ್ಪುವವರು ಇಡೀ ದೆಹಲಿಯಲ್ಲಿ ಒಂದು ಟೆಂಪೊ ತುಂಬುವಷ್ಟೂ ಸಿಗಲಿಕ್ಕಿಲ್ಲ. ಒಪ್ಪಿದವರಲ್ಲಿ ಮೊದಲಿಗರು ನಮ್ಮಪ್ಪ ಮಾಚಯ್ಯ ಎಂದು ನಾನು ಬೀಗುತ್ತಿದ್ದೆ. ಅಪ್ಪ ಸೈನ್ಯದಲ್ಲಿ ಫಿರಂಗಿಗಳ ಪಕ್ಕದಲ್ಲೇ ಸರ್ವಿಸ್ ಮುಗಿಸಿದವರು, ಕಿವಿ ಮಂದ. ಆದರೂ ಪ್ರತಿ ಕಾರ್ಯಕ್ರಮಕ್ಕೂ ಇಸ್ತ್ರಿ ಮಾಡಿದ ಷರಟು ತೊಟ್ಟು ಬಂದು, ಮುಂದಿನ ಸಾಲಿನಲ್ಲಿ ನೆಟ್ಟಗೆ ಕೂತು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ದೊಡ್ಡ ಸ್ಪೀಕರ್‌ಗಳಿರುವಾಗ ಕೇಳದೆ ಹೋದೀತೆ ಎಂದು ನಾವೆಲ್ಲ ನಂಬಿದ್ದೆವು.

ಕಳೆದ ಚಳಿಗಾಲ ಕರೋಲ್ ಬಾಗ್‌ನ ಒಂದು ಸಣ್ಣ ಹಾಲ್‌ನಲ್ಲಿ ಅದೇ ಬೀದಿಯ ಸದ್ದುಗಳನ್ನು ನುಡಿಸಿದೆ. ರಿಕ್ಷಾ ಗಂಟೆ, ಸ್ಟೀಲ್ ಪಾತ್ರೆ, ಬೀಗದ ಕೈ ಉಜ್ಜುವ ಕಿರ್ರ್ ಸದ್ದು, ಅವುಗಳ ಮೇಲೆ ಸಿಂಥ್‌ನ ಸಣ್ಣ ಮಿಣುಕು ಸ್ವರಗಳು. ಎಲ್ಲರೂ ಹೊಗಳಿದರು. ಮನೆಗೆ ಬಂದು ಊಟಕ್ಕೆ ಕೂತಾಗ ಯಾವ ಭಾಗ ಇಷ್ಟವಾಯಿತು ಎಂದು ಅಪ್ಪನನ್ನು ಕೇಳಿದೆ.

"ಶುರುವಿನಲ್ಲಿ ದುಗುದುಗು ಅಂತ ಬಂತಲ್ಲ ಬೇಟಾ, ಅದು," ಎಂದರು.

ಅದು ನನ್ನದಲ್ಲ. ನಾನು ಶುರು ಮಾಡುವ ಮೊದಲು ಕರೆಂಟ್ ಹೋಗಿ ಹಾಲ್‌ನವರು ಹಚ್ಚಿದ್ದ ಡೀಸೆಲ್ ಜನರೇಟರ್. ಗೇಲಿ ಮಾಡುತ್ತಿದ್ದಾರೆಂದು ನನ್ನ ಮೈಯೆಲ್ಲ ಉರಿಯಿತು. ಮುಖ ನೋಡಿದರೆ ಗೇಲಿಯ ಸುಳಿವೂ ಇಲ್ಲ.

ಮರುದಿನ ಬೆಳಿಗ್ಗೆ ಸಿಂಥ್ ತಂದು ಅವರೆದುರು ಇಟ್ಟೆ. ಕೇಳುತ್ತಿರುವಷ್ಟು ಹೊತ್ತು ಕೈ ಎತ್ತಿರಿ ಎಂದೆ. ತಗ್ಗಿನ ಸ್ವರ ಹಾಕಿದ ಕೂಡಲೇ ಕೈ ಮೇಲೆ ಹೋಯಿತು. ನಾನು ಗುಂಡಿ ತಿರುಗಿಸುತ್ತ ಸ್ವರ ಏರಿಸಿದೆ. ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ, ಅಪ್ಪ ಕೈ ಇಳಿಸಿ ಪೇಪರ್ ಎತ್ತಿಕೊಂಡರು. ಸ್ವರ ಕೋಣೆಯಲ್ಲೆಲ್ಲ ಗುಂಯ್‌ಗುಡುತ್ತಲೇ ಇತ್ತು. ನನ್ನ ಸಂಗೀತವೆಲ್ಲ ಅಪ್ಪನ ಕೈ ಇಳಿದ ಆ ಗೆರೆಗಿಂತ ಮೇಲೇ ಇತ್ತು. ಇಷ್ಟು ವರ್ಷ ಅವರು ಚಪ್ಪಾಳೆ ತಟ್ಟಿದ್ದು ಮಗಳಿಗೆ, ಸಂಗೀತಕ್ಕಲ್ಲ. ನನಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟು. ಕಿವಿಗೆ ಮೆಷಿನ್ ಹಾಕಿಕೊಳ್ಳಿ ಎಂದರೆ, ತಲೆಯೊಳಗೆ ಜೀರುಂಡೆ ಕೂತ ಹಾಗಾಗುತ್ತದೆ ಎಂದು ಮೊದಲೇ ತೆಗೆದೆಸೆದಿದ್ದರು. ಸರಿ, ಅಪ್ಪ ಮೇಲೆ ಹತ್ತದಿದ್ದರೆ ನಾನೇ ಕೆಳಗಿಳಿಯುತ್ತೇನೆ ಎಂದು ತೀರ್ಮಾನಿಸಿದೆ.

ಗಂಟೆ, ಪಾತ್ರೆ ಎಲ್ಲ ಅಳಿಸಿದೆ. ಇಂದಿರಾಪುರಂನ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ನೀರಿನ ಪಂಪಿಗೆ, ಲಿಫ್ಟಿನ ಗೋಡೆಗೆ, ಮೆಟ್ರೋ ಕಂಬಕ್ಕೆ ಮೈಕ್ ಅಂಟಿಸಿದೆ. ಗಾರ್ಡ್ ಭಯ್ಯಾ ಬಂದು, ಮೇಡಂ ಏನು ಕದಿಯುತ್ತಿದ್ದೀರಿ ಎಂದು ಕೇಳಿದ. ಸದ್ದು ಎಂದೆ, ನಂಬಲಿಲ್ಲ. ಜೊತೆಗೆ ನುಡಿಸುವ ಅಭಿಷೇಕ್ ಅಂತೂ ಕೈಚೆಲ್ಲಿಬಿಟ್ಟ.

"ಯಾರ್ ಬೋಜಮ್ಮ, ಇದು ಪೂರಾ ಕೆಸರು. ಮೇಲೆ ಏನಾದ್ರೂ ಹಾಕು, ಜನ ಎದ್ದು ಹೋಗ್ತಾರೆ."

"ಹೋಗ್ಲಿ," ಎಂದೆ.

ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು. ಕೊನೆಗೆ ಅವನು ಬರುವುದನ್ನೇ ಬಿಟ್ಟ. ನಾನು ಬಿಡಲಿಲ್ಲ. ಪಂಪಿನ ಗುಡುಗಿನಿಂದ ಲಿಫ್ಟಿನ ಸದ್ದು ಬೇರೆಯಾಗಿ ಕೇಳುವವರೆಗೆ ಒಂದೊಂದನ್ನೂ ಕೆತ್ತಿದೆ, ಕೆಡಿಸಿದೆ, ಮತ್ತೆ ಕೆತ್ತಿದೆ.

ಬೇಸಿಗೆಗೆ ಅದೇ ಹಾಲ್. ಅಭಿಷೇಕ್ ಹೇಳಿದ ಹಾಗೆಯೇ ಕೆಲವರು ನಡುವೆ ಎದ್ದು ಹೋದರು. ನಾನು ನೋಡುತ್ತಿದ್ದದ್ದು ಮುಂದಿನ ಸಾಲನ್ನು ಮಾತ್ರ. ಅಪ್ಪ ಹುಬ್ಬು ಗಂಟಿಕ್ಕಿದರು. ಕುರ್ಚಿಯಲ್ಲಿ ಹೊರಳಿದರು. ಗಡಿಯಾರ ನೋಡಿಕೊಂಡರು. ಮುಗಿದಾಗ ಎರಡು ಸಲ ಚಪ್ಪಾಳೆ ತಟ್ಟಿ ನಿಲ್ಲಿಸಿದರು. ಇದೂ ಕೇಳಿಸಲಿಲ್ಲವಲ್ಲ ಎಂದುಕೊಂಡು ವೈರುಗಳನ್ನು ಕಿತ್ತು ಸುತ್ತಿಟ್ಟೆ.

ವಾಪಸ್ ಮೆಟ್ರೋದಲ್ಲಿ ಅಮ್ಮ ನಮ್ಮಿಬ್ಬರ ನಡುವೆ ಕೂತಿದ್ದಳು. ರೈಲು ಯಮುನೆ ದಾಟಿತು. ಆಮೇಲೆ ಅಪ್ಪ ಇಡೀ ಬೋಗಿಗೆ ಕೇಳುವ ಹಾಗೆ ಶುರು ಮಾಡಿದರು.

"ಬೇಟಾ, ನೀನು ಎಳೆದೆ. ಆ ಎರಡನೇ ಗುಡುಗು ಬಂತಲ್ಲ, ಅಲ್ಲಿಗೇ ಮುಗಿಸಬೇಕಿತ್ತು. ಆಮೇಲೆ ಬಂದದ್ದೆಲ್ಲ ಬೋರು."

ಅಮ್ಮ ಅವರ ಮೊಣಕೈ ಚಿವುಟಿದಳು. ನಾನು ಅಮ್ಮನನ್ನು ಎಬ್ಬಿಸಿ ಆ ಜಾಗದಲ್ಲಿ ಕೂತೆ. ಆ ಭಾಗ ಯಾಕೆ ಬೇಕು ಎಂದು ಅವರ ಕಿವಿಯ ಹತ್ತಿರ ಕಿರುಚಿದೆ. ಅವರು ಒಪ್ಪಲಿಲ್ಲ. ಕೊನೆಯ ಸ್ಟೇಷನ್ ವೈಶಾಲಿ ಬಂದು ಎಲ್ಲರೂ ಇಳಿದರೂ ನಾವಿಬ್ಬರೂ ಕೂತೇ ಜಗಳವಾಡುತ್ತಿದ್ದೆವು.