ತೊಳೆದ ಹಾಳೆ

“ಇದೇನ್ರಿ ಆಯಿ, ಫಿಲ್ಟರ್ ಹಸಿ ಅದ!”

ಮಾಳಿಗೆಯಿಂದ ದೀಪಾಲಿಯ ದನಿ ಬಂದಾಗ ಯಮನವ್ವ ಚಹಾದ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಅದನ್ನು ಮೆಚ್ಚುಗೆಯ ಮಾತೆಂದೇ ತಿಳಿದಳು.

“ನಾನ ತೊಳದೀನ್ರಿ ಬಾಯಿ. ಕೆಂಪ ಧೂಳ ಹತ್ತಿತ್ತು. ಇವತ್ತ ಸಾಹೇಬರೂ ಬರ್ತಾರ ಅಂದಿದ್ರಿ. ಬಂದವರ ಮುಂದ ಹೊಲಸ ಅರಬಿ ಇಡೂದು ಹೆಂಗ?”

ದೀಪಾಲಿ ಯಳವಿ ಊರಿನ ಹುಡುಗಿ, ಈಗ ಮಾಲಿನ್ಯ ಮಂಡಳಿಯಲ್ಲಿ ನೌಕರಿ. ಸನಮಡಿಯ ಹೊರಗೆ ಹಳೆ ಟೈರು ಕರಗಿಸಿ ಎಣ್ಣೆ ತೆಗೆಯುವ ಭಟ್ಟಿ ಶುರುವಾದಾಗಿನಿಂದ ಊರ ಮೇಲೆ ಕಪ್ಪು ಹೊಗೆ. ಭಟ್ಟಿಯ ಪರವಾನಗಿ ಈ ತಿಂಗಳು ಮುಗಿಯುತ್ತಿತ್ತು. ಹೊಗೆಯಲ್ಲಿ ಪಿಎಎಚ್ ಎಂಬ ವಿಷ ಮಿತಿ ಮೀರಿದೆಯೆಂದು ತೋರಿಸಿದರೆ ಮಾತ್ರ ಅದು ಮತ್ತೆ ಸಿಗುವುದಿಲ್ಲ. ಆ ವಿಷ ಮಸಿಗೆ ಅಂಟಿಕೊಂಡು ಬರುತ್ತದೆ; ಗಾಳಿ ಎಳೆಯುವ ಯಂತ್ರದೊಳಗಿನ ಬಿಳಿ ಹಾಳೆ ಮಸಿಯನ್ನು ಹಿಡಿದಿಡುತ್ತದೆ. ನಿನ್ನೆ ಆ ಯಂತ್ರವನ್ನು ಇಲ್ಲಿಟ್ಟು, ನೋಡಿಕೊಳ್ಳಿರೆಂದು ಹೇಳಿ ದೀಪಾಲಿ ತಾಲೂಕಿನ ಊರಾದ ಜತ್ತಕ್ಕೆ ಹೋಗಿದ್ದಳು.

“ಇದನ್ನ ಇನ್ನ ಲ್ಯಾಬಿಗಿ ಕಳಸಾಕ ಬರೂದಿಲ್ರಿ. ಕೆಟ್ಟು ಹೋತು.”

ಯಮನವ್ವ ಚಹಾದ ತಟ್ಟೆ ಕೆಳಗಿಟ್ಟಳು. ಮೆಟ್ಟಿಲ ಮೇಲೆ ಕುಳಿತಿದ್ದ ಗಂಡ ವಿಠೋಬನಿಗೆ ಇಂಥ ಅವಕಾಶ ದಿನವೂ ಸಿಗುವುದಿಲ್ಲ. “ಸಾಹೇಬರಿಗಿ ದೂರ ನಿಂದರಾಕ ಹೇಳ್ರಿ,” ಎಂದ. “ಅವರನ್ನೂ ಹಿಡದು ತೊಳದಾಳು.”

“ನೀವೊಂದ ಸುಮ್ಮ ಕುಂದರ್ರಿ!” ಎಂದು ಯಮನವ್ವ ಗದರಿದಳು. ಮೊಮ್ಮಗಳ ಕೆಮ್ಮು ಕೇಳುತ್ತ, ಹೊಗೆಗೆ ಹೆದರಿ ಕದ ಹಾಕಿಕೊಂಡು ರೊಟ್ಟಿ ಬಡಿದು ಸಾಕಾಗಿ, ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಮಂಡಳಿಯ ಕಚೇರಿಗೆ ಹೋಗಿ ಕೂತವಳು ಅವಳೇ. ಈಗ ಕೈಯಾರೆ ಕೆಡಿಸಿದವಳೂ ಅವಳೇ.

ಮಂಡಳಿಯ ಸಾಹೇಬರಿಗೆ ಹೇಳಲು ಫೋನ್ ತೆಗೆದ ದೀಪಾಲಿ ತಡೆದು ಕೇಳಿದಳು. “ಬರೇ ಕೆಂಪ ಧೂಳ ಇತ್ತೇನ್ರಿ? ಮಸಿ ಇರಲಿಲ್ಲ?”

“ಎಲ್ಲಿ ಮಸಿ? ನಿಮ್ಮ ಜೀಪ ನೋಡಿದ್ದ ತಡ, ಭಟ್ಟಿ ಆರಿಸ್ಯಾರ. ನಿನ್ನಿ ಕದಾ ತೆರದ ರೊಟ್ಟಿ ಬಡದೀನ್ರಿ.”

ದೀಪಾಲಿ ನೀರಿನ ಟಾಕಿಗೆ ಒರಗಿ ಕುಳಿತುಬಿಟ್ಟಳು. ಮೊದಲು ಭುಜ ಅಲುಗಿತು, ಆಮೇಲೆ ನಗು ಉಕ್ಕಿ ಬಂತು.

“ಆಯಿ, ನೀವು ತೊಳೀಲಿಲ್ಲಂದ್ರ, ಅವರ ಹೊಗಿ ಭಾಳ ಚಲೋ ಅದ ಅಂತ ನಾನ ಬರದ ಕೊಡಬೇಕಾಗ್ತಿತ್ತು!”

ಮತ್ತೊಮ್ಮೆ ಪರೀಕ್ಷೆ ಮಾಡಲು ಸಾಹೇಬರು ಫೋನಿನಲ್ಲೇ ಒಪ್ಪಿದರು. ಭಟ್ಟಿಯವರು ಮತ್ತೆ ಎಚ್ಚರಾಗಬಾರದೆಂದು ತಾವು ಬರುವುದನ್ನೂ ನಿಲ್ಲಿಸಿದರು. ಹೊಸ ಹಾಳೆ ಹಾಕಿ ಯಂತ್ರ ಚಾಲೂ ಮಾಡಿದ ದೀಪಾಲಿ, ಯಂತ್ರದ ಖಾಲಿ ಪೆಟ್ಟಿಗೆಯನ್ನು ಎಲ್ಲರಿಗೂ ಕಾಣುವಂತೆ ಜೀಪಿನ ನೆತ್ತಿಗೆ ಕಟ್ಟಿಸಿದಳು. ತಾನು ಮಾತ್ರ ಯಂತ್ರದ ಜೊತೆ ಮಾಳಿಗೆಯಲ್ಲೇ ಉಳಿದಳು.

“ಭಟ್ಟಿ ಗೇಟಿನ ಮುಂದ ಸಾವಕಾಶ ಹೋಗಪಾ,” ವಿಠೋಬ ಡ್ರೈವರನಿಗೆ ಹೇಳಿದ. “ಒಂದ ಹಾರ್ನ್ ಹೊಡಿ. ಮಲಗಿದ್ದರ ಏಳ್ಲಿ.”

ಊಟ ಮುಗಿಸಿ ಕೈ ತೊಳೆಯುವುದರೊಳಗೆ ಭಟ್ಟಿಯ ಚಿಮಣಿ ಕೆಮ್ಮಿತು. ಎರಡು ದಿನದ ಕೆಲಸ ಒಟ್ಟಿಗೇ ಹಚ್ಚಿದ್ದರೋ ಏನೋ, ಕಪ್ಪು ಹೊಗೆ ಸುರುಳಿ ಸುತ್ತಿಕೊಂಡು ಎದ್ದಿತು. ಪಕ್ಕದ ಮನೆಯ ಸಿದ್ದಲಿಂಗವ್ವ ಬೈಯುತ್ತಲೇ ಮಾಳಿಗೆ ಹತ್ತಿದವಳು, ಸಂಗತಿ ಕೇಳಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಕ್ಕಳು.

“ಗಾಳಿ ಆ ಕಡಿ ಹೊಂಟದಲ್ಲವ್ವ!”

“ತಿರಗತದ, ತಡಿ. ಬಾರ ನನ್ನವ್ವ, ಲಗೂನ ಬಾ!” ಯಮನವ್ವ ದಾರಿ ತಪ್ಪಿದ ಕುರಿಯನ್ನು ಕರೆಯುವಂತೆ ಹೊಗೆಯನ್ನು ಕರೆದಳು.

ಗಾಳಿ ತಿರುಗಿತು. ಹಗ್ಗದ ಮೇಲೆ ವಿಠೋಬನ ಬಿಳಿ ರುಮಾಲು ಒಣಗುತ್ತಿತ್ತು. ದಿನದ ರೂಢಿಯಂತೆ ಸಿದ್ದಲಿಂಗವ್ವ ಅದನ್ನು ಎಳೆದುಕೊಳ್ಳಲು ಓಡಿದಳು. ಯಮನವ್ವ ಅವಳ ಕೈ ಹಿಡಿದಳು.

“ಇರ್ಲಿ ಬಿಡ.”

ಯಂತ್ರ ಗುಂಯ್‌ಗುಡುತ್ತಿತ್ತು. ರುಮಾಲಿನ ಮೇಲೆ ಮಸಿಯ ಮೊದಲ ಕಣ ಬಂದು ಕೂತಿತು. ಅದರ ಹಿಂದೆ ಇನ್ನೊಂದು.